ತೋಟ ಕಾಯೋಕೆ ಗಂಡು ಮರಿ ತರಲಾ, ಹೆಣ್ಣು ಮರಿ ತರಲಾ?

ತೆಂಗಿನತೋಟ_ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನಾಯಿ ಸಾಕಿ ಅನುಭವ ಇರುವವರು ದಯವಿಟ್ಟು ಹೇಳಿ, ಈ ವಾರದೊಳಗೆ ತೀರ್ಮಾನ ಮಾಡಬೇಕು.

ನಮ್ಮದು ಅರಸೀಕೆರೆ ಕಡೆ 6 ಎಕರೆ ತೆಂಗಿನ ತೋಟ, ಮನೆ ತೋಟದೊಳಗೇ ಇದೆ. ಊರಿಗೆ ಒಂದೂವರೆ ಕಿಲೋಮೀಟರ್. 2 ಹಸು, 18 ಕುರಿ, ಒಂದಷ್ಟು ನಾಟಿ ಕೋಳಿ. ಕೊಬ್ಬರಿ ಕೆಲಸಕ್ಕೆ ನಾನು ವಾರದಲ್ಲಿ 3 ದಿನ ತಿಪಟೂರಿಗೆ ಹೋಗುತ್ತೇನೆ, ವಾಪಸ್ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಮನೆಯಲ್ಲಿ ಅಮ್ಮ, ಹೆಂಡತಿ, 7 ವರ್ಷದ ಮಗಳು ಇರುತ್ತಾರೆ. ಹಿಂದಿನ ಗುಡ್ಡದಲ್ಲಿ ಚಿರತೆ ಓಡಾಡುತ್ತದೆ, ಅದು ಊರಿಗೆಲ್ಲ ಗೊತ್ತು.

ನಮ್ಮ ಹಳೇ ನಾಯಿ ಕರಿಯ. ಗಂಡು, ನಾಟಿ. 8 ವರ್ಷ ನಮ್ಮ ಜೊತೆ ಇದ್ದ. ಕಾಯುವುದರಲ್ಲಿ ಅವನ ಬಗ್ಗೆ ಒಂದು ಮಾತು ಆಡೋ ಹಾಗಿರಲಿಲ್ಲ. ಆದರೆ ಕಾರ್ತಿಕ ಬಂತು ಅಂದರೆ ಅವನನ್ನು ಹಿಡಿಯೋಕೇ ಆಗುತ್ತಿರಲಿಲ್ಲ. ಚೈನು ಕಿತ್ತುಕೊಂಡು ಹೋದರೆ ನಾಲ್ಕು ದಿನ ಬಿಟ್ಟು ಕಿವಿ ಹರಿಸಿಕೊಂಡು, ಹೊಟ್ಟೆ ಬೆನ್ನಿಗೆ ಅಂಟಿಸಿಕೊಂಡು ಬರುತ್ತಿದ್ದ. ಆ ನಾಲ್ಕು ದಿನ ರಾತ್ರಿ ನಾನೇ ಎದ್ದು ಕೂರಬೇಕು. ಹೋದ ಕಾರ್ತಿಕದಲ್ಲಿ ಹೋದವನು ಬರಲೇ ಇಲ್ಲ. ಒಂಬತ್ತನೇ ದಿನ ಗುಡ್ಡದ ಬುಡದಲ್ಲಿ ಅವನ ಬೆಲ್ಟು ಸಿಕ್ಕಿತು. ಮಗಳಿಗೆ ಇನ್ನೂ ಹೇಳಿಲ್ಲ.

ಈಗ ನೆಂಟರ ಮನೆಯಲ್ಲಿ ಮರಿಗಳಿವೆ. ತಾಯಿ ನಾಟಿ, ತಂದೆ ಮುಧೋಳ ಮಿಶ್ರ ಅಂತಾರೆ. 40 ದಿನ ಆಗಿದೆ. 1 ಗಂಡು, 2 ಹೆಣ್ಣು ಉಳಿದಿವೆ. ಗಂಡು ಬೇಗ ಹೋಗಿಬಿಡುತ್ತದೆ, ಬೇಕಾದರೆ ಈಗಲೇ ತಗೊಂಡು ಹೋಗು ಅಂತಿದ್ದಾರೆ. ಅಮ್ಮ ಹೆಣ್ಣು ನಾಯಿ ಬೇಡವೇ ಬೇಡ ಅಂತಾರೆ, ಊರ ನಾಯಿಗಳೆಲ್ಲ ಅಂಗಳದಲ್ಲಿ ಸೇರುತ್ತವೆ, ಆಮೇಲೆ ಹುಟ್ಟಿದ ಮರಿಗಳನ್ನು ಯಾರ ಕೈಗೆ ಕೊಡೋದು ಅಂತ ಅವರ ಚಿಂತೆ. ಹೆಂಡತಿ ಮಾತ್ರ ಇನ್ನೊಂದು ಗಂಡು ತಂದು ಇನ್ನೊಂದು ಸಲ ಹೀಗೆ ಹುಡುಕಿಕೊಂಡು ಅಲೆಯೋಕೆ ನನ್ನ ಕೈಲಿ ಆಗಲ್ಲ ಅಂದಳು.

ಕಾಯೋ ವಿಷಯದಲ್ಲಿ ಹೆಣ್ಣು ನಾಯಿ ನಿಜಕ್ಕೂ ಕಡಿಮೆಯಾ? ಬೆದೆಗೆ ಬಂದಾಗ ಏನು ಮಾಡುತ್ತೀರಿ? ಆಪರೇಷನ್ ಮಾಡಿಸಿದರೆ ನಾಯಿ ಸೋಮಾರಿ ಆಗಿ ಬೊಗಳೋದೇ ಬಿಡುತ್ತದೆ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ, ಅದು ನಿಜವಾ?

ಕಾಫಿತೋಟ_ಸಕಲೇಶಪುರ

ಕರಿಯನ ವಿಷಯ ಓದಿ ಬೇಜಾರಾಯಿತು ಅಣ್ಣ. ನಮ್ಮ ಕಡೆಯೂ ಹೀಗೆ ಹೋದ ನಾಯಿಗಳು ಎಷ್ಟೋ.

ನಾನು 22 ವರ್ಷದಿಂದ ತೋಟದಲ್ಲಿದ್ದೇನೆ, ಏಳೆಂಟು ನಾಯಿ ಸಾಕಿದ್ದೇನೆ. ನಾನು ಕಂಡಿದ್ದು ಇಷ್ಟು. ಗಂಡು ನಾಯಿಗೆ ಗಡಿ ದೊಡ್ಡದು. ಬೆಳಿಗ್ಗೆ ಬಿಟ್ಟ ತಕ್ಷಣ ಬೇಲಿ ಸುತ್ತ ಹೋಗಿ ಪ್ರತಿ ಕಂಬಕ್ಕೂ ಕಾಲೆತ್ತಿ ಬರುತ್ತದೆ, ಹೊರಗಿನ ನಾಯಿ ಒಳಗೆ ಕಾಲಿಟ್ಟರೆ ಬಿಡಲ್ಲ. ಹೆಣ್ಣು ನಾಯಿ ಮನೆ, ಕೊಟ್ಟಿಗೆ, ಕಣ ಇಷ್ಟನ್ನು ತನ್ನದು ಅಂದುಕೊಳ್ಳುತ್ತದೆ. ಆದರೆ ಆ ಜಾಗದೊಳಗೆ ಒಂದು ಎಲೆ ಅಲುಗಿದರೂ ಅದಕ್ಕೆ ಗೊತ್ತಾಗುತ್ತದೆ. ನಮ್ಮಲ್ಲಿ ರಾತ್ರಿ ಮೊದಲು ಬೊಗಳುತ್ತಿದ್ದದ್ದು ಯಾವಾಗಲೂ ಹೆಣ್ಣು ನಾಯಿ ಚೆನ್ನಿ. ಅವಳು ಬೊಗಳಿದ ಮೇಲೆ ಗಂಡು ನಾಯಿ ಎದ್ದು ಓಡುತ್ತಿತ್ತು.

ಚಿರತೆ ಇರುವ ಜಾಗದಲ್ಲಿ ಆ ಓಡುವುದೇ ಅಪಾಯ. ನಾವು ಇಬ್ಬರು ಗಂಡುಗಳನ್ನು ಹಾಗೇ ಕಳೆದುಕೊಂಡೆವು. ಎರಡೂ ಧೈರ್ಯವಂತ ನಾಯಿಗಳೇ. ಶಬ್ದ ಬಂದ ಕಡೆ ಒಬ್ಬೊಬ್ಬರೇ ನುಗ್ಗಿದವು. ಚಿರತೆಗೆ ನಾಯಿ ಅಂದರೆ ಊಟ, ಗಂಡಾಗಲಿ ಹೆಣ್ಣಾಗಲಿ ಒಂಟಿ ನಾಯಿ ಅದರ ಎದುರು ನಿಲ್ಲೋಕೆ ಆಗಲ್ಲ. ನಮಗೆ ಬೇಕಾಗಿರುವುದು ಬೊಗಳಿ ಎಬ್ಬಿಸುವ ನಾಯಿ. ಹಾಗಾಗಿ ಈಗ ನಾವು ಕತ್ತಲಾದ ಮೇಲೆ ಯಾವ ನಾಯಿಯನ್ನೂ ಹೊರಗೆ ಬಿಡುವುದಿಲ್ಲ. ಕೊಟ್ಟಿಗೆ ಪಕ್ಕದಲ್ಲಿ ಕಬ್ಬಿಣದ ಸರಳು ಹಾಕಿ, ಮೇಲೂ ಮುಚ್ಚಿ ಗೂಡು ಮಾಡಿಸಿದ್ದೇವೆ. ಅಲ್ಲಿಂದಲೇ ಬೊಗಳುತ್ತವೆ, ನಾವು ಲೈಟ್ ಹಾಕಿ ಎದ್ದು ಬರುತ್ತೇವೆ. ಮೊಳೆ ಬೆಲ್ಟು ಹಾಕಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಹಾಕಿ, ತಪ್ಪೇನಿಲ್ಲ. ಆದರೆ ಅದನ್ನೇ ನಂಬಿ ರಾತ್ರಿ ಹೊರಗೆ ಕಟ್ಟಬೇಡಿ. ಕಟ್ಟಿದ ನಾಯಿಗೆ ಓಡೋಕೂ ದಾರಿ ಇಲ್ಲ.

ಒಂದು ಮಾತು. ಎರಡು ಹೆಣ್ಣು ಮರಿ ಇವೆ ಅಂದಿರಿ, ಪಾಪ ಅಂತ ಎರಡನ್ನೂ ಒಟ್ಟಿಗೆ ತರಬೇಡಿ. ಒಂದೇ ಮನೆಯಲ್ಲಿ ಎರಡು ಹೆಣ್ಣು ದೊಡ್ಡವಾದ ಮೇಲೆ ಜಗಳ ಬಿದ್ದರೆ ಅದು ಮುಗಿಯುವುದೇ ಇಲ್ಲ, ಗಂಡುಗಳ ಜಗಳಕ್ಕಿಂತ ಕೆಟ್ಟದು. ನಾವು ಒಂದನ್ನು ಕೊನೆಗೆ ತೋಟದ ಕೆಲಸದವರು ಇರುವ ಲೈನ್ ಮನೆ ಕಡೆಗೆ ಕಳಿಸಬೇಕಾಯಿತು. ಒಂದು ಗಂಡು ಒಂದು ಹೆಣ್ಣು ಇದ್ದರೆ ಹೊಂದಿಕೊಂಡು ಹೋಗುತ್ತವೆ.

ಆಪರೇಷನ್ ಬಗ್ಗೆ ನನ್ನ ಅಭಿಪ್ರಾಯ, ಹೆಣ್ಣಿಗೆ ಮಾಡಿಸಿ, ಗಂಡಿಗೆ ಬೇಡ. ಗಂಡಿಗೆ ಮಾಡಿಸಿದರೆ ಅದರ ಗತ್ತು ಹೋಗಿಬಿಡುತ್ತದೆ ಅಂತ ನನಗೆ ಅನಿಸುತ್ತದೆ.

ಕುರಿಹಟ್ಟಿ_ಬಾದಾಮಿ

ಸರ್, ನಮ್ಮದು ಬಾಗಲಕೋಟೆ ಜಿಲ್ಲೆ. ಅಪ್ಪನ ಕಾಲದಿಂದ ಕುರಿ ಕಾಯುವ ಮನೆತನ. ಈಗಲೂ ನಮ್ಮ ಅಣ್ಣ ಸುಗ್ಗಿ ಮುಗಿದ ಮೇಲೆ 200 ಕುರಿ ಹೊಡಕೊಂಡು ಊರೂರು ತಿರುಗುತ್ತಾನೆ. ನಾಲ್ಕು ನಾಯಿ ಜೊತೆಗೆ ಹೋಗುತ್ತವೆ.

ನಮ್ಮ ಹಿರಿಯರು ಹಿಂಡಿನ ಜೊತೆಗೆ ಹೆಣ್ಣು ನಾಯಿ ಒಯ್ಯಬೇಡಿ ಅನ್ನುತ್ತಿದ್ದರು. ಕಾರಣ ಹೆಣ್ಣು ನಾಯಿ ಕೆಲಸಕ್ಕೆ ಕಡಿಮೆ ಅಂತಲ್ಲ, ಅದು ನಿಮಗೆ ಸರಿಯಾಗಿ ತಿಳಿಯಲಿ ಅಂತ ಬರೆಯುತ್ತಿದ್ದೇನೆ. ಹೆಣ್ಣು ನಾಯಿ ದಾರಿಯಲ್ಲಿ ಬೆದೆಗೆ ಬಂದರೆ ಹೋದ ಊರಿನ ಗಂಡು ನಾಯಿಗಳೆಲ್ಲ ಹಿಂದೆ ಬೀಳುತ್ತವೆ. ನಮ್ಮ ಗಂಡು ನಾಯಿಗಳು ಅವುಗಳ ಜೊತೆ ಕಚ್ಚಾಡುತ್ತವೆ. ಆ ಹೊತ್ತಿಗೆ ಕುರಿ ಕಡೆ ನೋಡುವ ನಾಯಿ ಒಂದೂ ಇರುವುದಿಲ್ಲ. ತೋಳ ಅದನ್ನೇ ಕಾಯುತ್ತದೆ. ನಮ್ಮ ಕಡೆ, ಕೊಪ್ಪಳದ ಕಡೆ ತೋಳ ಇನ್ನೂ ಇವೆ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಅಭಯಾರಣ್ಯ ಇದೆ. ಒಂದು ವರ್ಷ ನಮ್ಮ ಕುರಿ ದಡ್ಡಿಯಿಂದ ಇಂತಹ ರಾತ್ರಿಯೇ ಮೂರು ಕುರಿಮರಿ ಹೋದವು. ಅಪ್ಪ ನಾಯಿಗಳನ್ನು ಬೈಯಲಿಲ್ಲ. ತಪ್ಪು ನಮ್ಮದು ಅಂದ.

ಆದರೆ ಕೇಳಿ, ನಮ್ಮ ಮನೆಯಲ್ಲಿ ಇದುವರೆಗೆ ಇದ್ದ ನಾಯಿಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು ಅಂತ ಕೇಳಿದರೆ ಅಣ್ಣನೂ ನಾನೂ ಒಂದೇ ಹೆಸರು ಹೇಳುತ್ತೇವೆ, ಕೆಂಚಿ. ಹೆಣ್ಣು. ಕುರಿ ಈಯುವಾಗ ಪಕ್ಕದಲ್ಲಿ ಕೂತಿರುತ್ತಿತ್ತು, ಕಾಗೆಯನ್ನೂ ಹತ್ತಿರ ಬಿಡುತ್ತಿರಲಿಲ್ಲ. ಹಿಂದೆ ಉಳಿದ ಮರಿಯ ಹತ್ತಿರ ನಿಂತು ನಾವು ಬರುವ ತನಕ ಬೊಗಳುತ್ತಿತ್ತು. ಅದಕ್ಕೆ ವಯಸ್ಸಾಗಿ ಬೆದೆ ಕಡಿಮೆ ಆದ ಮೇಲೆ ಅಪ್ಪನೇ ಹಿಂಡಿನ ಜೊತೆಗೆ ಕರಕೊಂಡು ಹೋಗಲು ಶುರು ಮಾಡಿದ. ಈಗ ಆಪರೇಷನ್ ಸಿಗುತ್ತದೆ, ಆಗ ನಮಗೆ ಅದು ಗೊತ್ತೂ ಇರಲಿಲ್ಲ.

ಇನ್ನು ಮುಧೋಳ ಮಿಶ್ರ ಅಂದಿರಿ. ಇಲ್ಲಿ ಗಂಡು ಹೆಣ್ಣಿಗಿಂತ ದೊಡ್ಡ ವಿಷಯ ಇದೆ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ನಾಯಿ. ಓಡುವುದು ಕಂಡರೆ ಹಿಂದೆ ಓಡುತ್ತದೆ, ಅದು ರಕ್ತದಲ್ಲೇ ಬಂದಿದ್ದು. ಎತ್ತರ ಗಂಡಿಗೆ 68ರಿಂದ 72 ಸೆಂಟಿಮೀಟರ್, ಹೆಣ್ಣಿಗೆ 64ರಿಂದ 68 ಅಂತ ಲೆಕ್ಕ ಇಟ್ಟಿದ್ದಾರೆ. ಓಟದಲ್ಲಿ ನಾನು ಅಂತಹ ವ್ಯತ್ಯಾಸ ಕಂಡಿಲ್ಲ, ಹೆಣ್ಣು ನಾಯಿ ಹಗುರ, ತಿರುವಿನಲ್ಲಿ ಚುರುಕು. ನಿಮ್ಮ ಕೋಳಿ, ಕುರಿಮರಿ ಓಡಿದರೆ ಹಿಂದೆ ಬೀಳದ ಹಾಗೆ ಮೊದಲ ದಿನದಿಂದ ಕಲಿಸಬೇಕು. ಮರಿ ಇದ್ದಾಗಲೇ ಕುರಿ ಪಕ್ಕ ಮಲಗಿಸಿ. ಕುರಿ ವಾಸನೆ ಅದಕ್ಕೆ ಮನೆ ವಾಸನೆ ಆಗಬೇಕು. ಎರಡು ಹೆಣ್ಣು ಮರಿಗಳಲ್ಲಿ ಯಾವುದು ನಾಟಿ ತಾಯಿಯ ಹಾಗೆ ಗಟ್ಟಿ ಮೈ ಇದೆಯೋ ಅದನ್ನು ನೋಡಿ. ಶುದ್ಧ ಮುಧೋಳವೇ ಬೇಕು ಅನ್ನುವವರಿಗೆ ಮುಧೋಳ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಆದರೆ ನಿಮ್ಮ ಕೆಲಸಕ್ಕೆ ನಾಟಿಯೇ ಸಾಕು ಅಂತ ನನ್ನ ಮಾತು.

ಪಶುವೈದ್ಯ_ಮಲೆನಾಡು

ನಾನು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ಇಲ್ಲಿ ಒಳ್ಳೆಯ ಮಾತುಗಳು ಬಂದಿವೆ. ಕೆಲವು ವಿಷಯ ಸೇರಿಸಬೇಕು, ಒಂದನ್ನು ತಿದ್ದಬೇಕು, ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ಆ 40 ದಿನದ ಮಾತು. ದಯವಿಟ್ಟು ಈಗಲೇ ತರಬೇಡಿ. 8 ವಾರ ಅಂದರೆ 56 ದಿನ ತುಂಬಲಿ. 2017ರ ನಾಯಿ ತಳಿ ಸಾಕಣೆ ನಿಯಮಗಳ ಪ್ರಕಾರ 8 ವಾರಕ್ಕಿಂತ ಚಿಕ್ಕ ಮರಿ ಮಾರುವ ಹಾಗೇ ಇಲ್ಲ. ನಿಮ್ಮದು ನೆಂಟರು ಸುಮ್ನೆ ಕೊಡುವುದು ಇರಬಹುದು, ಆದರೂ ಕಾರಣ ಒಂದೇ. ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಮರಿ ಕಲಿಯುವುದು ಒಡಹುಟ್ಟಿದವರ ಜೊತೆ ಆಡುವಾಗ, ತಾಯಿ ಗದರಿದಾಗ. ಬೇಗ ತಂದ ಮರಿ ಮುಂದೆ ಮಕ್ಕಳ ಕೈ ಕಚ್ಚುವುದು ಜಾಸ್ತಿ. ನಿಮ್ಮ ಮನೆಯಲ್ಲಿ 7 ವರ್ಷದ ಮಗು ಇದೆ. ಗಂಡು ಮರಿ ಖಾಲಿಯಾಗುತ್ತದೆ ಅನ್ನುವ ಆತುರಕ್ಕೆ ಬೀಳಬೇಡಿ.

ಬೆದೆಯ ವಿಷಯ. ಹೆಣ್ಣು ನಾಯಿ ಸಾಮಾನ್ಯವಾಗಿ 6ರಿಂದ 12 ತಿಂಗಳ ನಡುವೆ ಮೊದಲ ಸಲ ಬೆದೆಗೆ ಬರುತ್ತದೆ, ದೊಡ್ಡ ತಳಿಗಳಲ್ಲಿ ಇನ್ನೂ ತಡ. ಆಮೇಲೆ ಸುಮಾರು 6–7 ತಿಂಗಳಿಗೊಮ್ಮೆ. ನಾಟಿ ನಾಯಿಗಳಲ್ಲಿ, ಕೆಲವು ಬೇಟೆ ತಳಿಗಳಲ್ಲಿ ವರ್ಷಕ್ಕೆ ಒಂದೇ ಸಲವೂ ಇರುತ್ತದೆ. ನಮ್ಮ ಕಡೆ ಮಳೆಗಾಲ ಕಳೆಯುವ ಹೊತ್ತಿಗೆ ಬೀದಿ ನಾಯಿಗಳು ಹೆಚ್ಚಾಗಿ ಬೆದೆಗೆ ಬರುವುದರಿಂದಲೇ ಕಾರ್ತಿಕದ ಮಾತು ಹುಟ್ಟಿದ್ದು. ಒಂದು ಬೆದೆ ಸುಮಾರು 3 ವಾರ. ಮೊದಲ 7–10 ದಿನ ಊತ, ರಕ್ತ. ಆಗ ಅದು ಗಂಡನ್ನು ಹತ್ತಿರ ಸೇರಿಸುವುದಿಲ್ಲ. ಆಮೇಲೆ ರಕ್ತ ತಿಳಿಯಾಗುತ್ತದೆ, ನಿಲ್ಲುತ್ತದೆ. ಜನ ತಪ್ಪು ಮಾಡುವುದು ಇಲ್ಲೇ. ರಕ್ತ ನಿಂತಿತು, ಬೆದೆ ಮುಗಿಯಿತು ಅಂತ ಬಿಟ್ಟುಬಿಡುತ್ತಾರೆ. ಗಬ್ಬ ಕಟ್ಟುವ ದಿನಗಳು ಶುರುವಾಗುವುದೇ ಆಗ. 63 ದಿನ ಆದ ಮೇಲೆ ಆರು ಮರಿ ಹಿಡಿದುಕೊಂಡು ಬಂದು ಹೇಗಾಯಿತೋ ಗೊತ್ತಿಲ್ಲ ಸಾರ್ ಅನ್ನುತ್ತಾರೆ. ರಕ್ತ ಕಂಡ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಪೂರ್ತಿ 3 ವಾರ, ಬೇಕಿದ್ದರೆ 4 ವಾರ ಒಳಗೇ ಇಡಿ.

ಇನ್ನು ಆಪರೇಷನ್. ಹೆಣ್ಣು ನಾಯಿಗೆ ಇದರಿಂದ ಮರಿ ತಪ್ಪುವುದು ಒಂದು ಲಾಭ, ಅದಕ್ಕಿಂತ ದೊಡ್ಡದು ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ತಪ್ಪುವುದು. ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ ಬೆದೆ ಆಗಿ ಕೆಲವು ವಾರಗಳ ಮೇಲೆ ಇದು ಬರುತ್ತದೆ. ನಾಯಿ ವಿಪರೀತ ನೀರು ಕುಡಿಯುತ್ತದೆ, ಊಟ ಬಿಡುತ್ತದೆ, ಹಿಂದಿನಿಂದ ಕೀವು ಬರಬಹುದು, ಕೆಲವು ಸಲ ಏನೂ ಹೊರಗೆ ಬರದೆ ಹೊಟ್ಟೆ ಮಾತ್ರ ಉಬ್ಬುತ್ತದೆ. ಹೀಗಾದ ದಿನವೇ ಆಸ್ಪತ್ರೆಗೆ ತನ್ನಿ, ಎರಡು ದಿನ ನೋಡೋಣ ಅಂದರೆ ನಾಯಿ ಉಳಿಯುವುದಿಲ್ಲ. ಇದರ ಜೊತೆಗೆ ಬೆದೆಗೆ ಬರುವ ಮುಂಚೆಯೋ ಒಂದೆರಡು ಬೆದೆಯೊಳಗೋ ಆಪರೇಷನ್ ಆದರೆ ಮೊಲೆಯ ಗಡ್ಡೆಯ ಅಪಾಯವೂ ಕಡಿಮೆ.

ವಯಸ್ಸಿನ ಬಗ್ಗೆ ಒಂದೇ ಉತ್ತರ ಇಲ್ಲ. ಜರ್ಮನ್ ಶೆಫರ್ಡ್ ತರಹದ ದೊಡ್ಡ ನಾಯಿಗೆ ಒಂದು ವರ್ಷಕ್ಕೂ ಮುಂಚೆ ಮಾಡಿದರೆ ಕೀಲಿನ ತೊಂದರೆ ಹೆಚ್ಚು ಅಂತ ಕಂಡುಬಂದಿದೆ. ಕೆಲವು ಹೆಣ್ಣು ನಾಯಿಗಳಿಗೆ ಆಪರೇಷನ್ ಆದ ಮೇಲೆ ವಯಸ್ಸಾದಾಗ ಮಲಗಿದಲ್ಲೇ ಮೂತ್ರ ಸೋರುವುದೂ ಉಂಟು, ಅದಕ್ಕೆ ಔಷಧಿ ಇದೆ. ನಿಮ್ಮ ಮರಿ ಉದ್ದ ಕಾಲಿನ ಓಡುವ ನಾಯಿ ಆಗುವ ಹಾಗಿದೆ. ನಾನಾಗಿದ್ದರೆ ಮೊದಲ ಬೆದೆ ಒಂದು ನೋಡಿ, ಅದು ಮುಗಿದು ಎರಡು ಮೂರು ತಿಂಗಳು ಬಿಟ್ಟು ಮಾಡುತ್ತಿದ್ದೆ. ಬೆದೆಯಲ್ಲಿ ಇರುವಾಗಲೇ ಮಾಡಿಸಲು ಒತ್ತಾಯಿಸಬೇಡಿ, ಆಗ ರಕ್ತಸ್ರಾವ ಜಾಸ್ತಿ. ಬೆದೆ ಬರದ ಹಾಗೆ ಹಾರ್ಮೋನ್ ಇಂಜೆಕ್ಷನ್ ಕೊಡಿ ಅಂತ ಕೇಳುವವರೂ ಇದ್ದಾರೆ. ಅದು ಸುಲಭದ ದಾರಿ ಹಾಗೆ ಕಾಣುತ್ತದೆ, ಆದರೆ ನಾನು ಮೇಲೆ ಹೇಳಿದ ಕೀವಿನ ಕಾಯಿಲೆಗೆ ಅದೇ ಬಾಗಿಲು ತೆರೆಯುತ್ತದೆ.

ಈಗ ಸಕಲೇಶಪುರದವರ ಮಾತಿಗೆ. ಗತ್ತು ಹೋಗುತ್ತದೆ ಅಂದಿರಿ. ಸರ್, ಗಂಡಿಗೆ ಬೀಜ ತೆಗೆದರೆ ಕಡಿಮೆಯಾಗುವುದು ಮುಖ್ಯವಾಗಿ ಅಲೆಯುವುದು, ಕಂಡಲ್ಲೆಲ್ಲ ಕಾಲೆತ್ತುವುದು, ಬೇರೆ ಗಂಡುಗಳ ಮೇಲೆ ಬೀಳುವುದು. ಅಪರಿಚಿತರು ಬಂದರೆ ಬೊಗಳುವುದು, ಮನೆ ಕಾಯುವುದು ಹಾಗೇ ಉಳಿಯುತ್ತದೆ. ಕರಿಯನನ್ನು ಚೈನು ಕಿತ್ತು ಹೋಗುವ ಹಾಗೆ ಮಾಡಿದ್ದು ಆ ಅಲೆಯುವ ಗುಣವೇ ಅಲ್ವಾ? ಅಲೆಯುವ ಗಂಡುಗಳಿಗೆ ಸೇರುವಾಗ ಅಂಟುವ ಒಂದು ಗಡ್ಡೆ ರೋಗವೂ ಇದೆ. ಮರ್ಮಾಂಗದಿಂದ ರಕ್ತ ತೊಟ್ಟಿಕ್ಕುತ್ತದೆ, ವಾರಕ್ಕೊಂದು ಇಂಜೆಕ್ಷನ್ ಹಾಗೆ ಹಲವು ವಾರ ಕೊಡಬೇಕು. ನಮ್ಮ ಆಸ್ಪತ್ರೆಗೆ ಬರುವ ಹಳ್ಳಿ ನಾಯಿಗಳಲ್ಲಿ ಇದನ್ನು ಸಾಕಷ್ಟು ನೋಡುತ್ತೇನೆ. ಹೆಣ್ಣಿಗೂ ಅಂಟುತ್ತದೆ. ಗಂಡಿನ ಆಪರೇಷನ್ ಚಿಕ್ಕದು, ಬೇಗ ಮಾಯುತ್ತದೆ. ಹೆಣ್ಣಿಗೆ ಹೊಟ್ಟೆ ತೆರೆಯಬೇಕು, 10–14 ದಿನ ಹೊಲಿಗೆ ನೆಕ್ಕದ ಹಾಗೆ, ಕೆಸರು ತಾಗದ ಹಾಗೆ ನೋಡಿಕೊಳ್ಳಬೇಕು. ಗಂಡಿಗೆ ಮಾಡಿಸಿದ ಮೇಲೂ ಒಂದು ತಿಂಗಳು ಬೆದೆಯ ನಾಯಿ ಹತ್ತಿರ ಬಿಡಬೇಡಿ, ಉಳಿದ ವೀರ್ಯದಿಂದ ಗಬ್ಬ ನಿಲ್ಲಬಹುದು.

ಸೋಮಾರಿತನದ ಮಾತು ಎಲ್ಲಿಂದ ಬಂತು ಅಂದರೆ, ಆಪರೇಷನ್ ಆದ ನಾಯಿಗೆ ಮೊದಲಿನಷ್ಟು ಊಟ ಬೇಕಾಗಿಲ್ಲ. ನಾವು ಅದೇ ಎರಡು ಮುದ್ದೆ, ಅಷ್ಟೇ ಅನ್ನ ಹಾಕುತ್ತೇವೆ. ದಪ್ಪ ಆಗುತ್ತದೆ. ದಪ್ಪ ಆದ ನಾಯಿ ಏಳುವುದಿಲ್ಲ. ಊಟ ಐದರಲ್ಲಿ ಒಂದು ಪಾಲು ಕಡಿಮೆ ಮಾಡಿ, ಪಕ್ಕೆ ಮೇಲೆ ಕೈ ಆಡಿಸಿದರೆ ಪಕ್ಕೆಲುಬು ಕೈಗೆ ಸಿಗುತ್ತಿರಬೇಕು, ಅಷ್ಟೇ ಲೆಕ್ಕ.

ಹೊಲಮನೆ_ಹಿರಿಯೂರು

ನಾನು ಹೊಲದ ಮನೆಯಲ್ಲಿ ಒಬ್ಬಳೇ ಇರುವವಳು, ಮಗ ಬೆಂಗಳೂರಿನಲ್ಲಿ. ನನ್ನ ಹತ್ತಿರ ಇರುವುದು ಅಂತಹ ಎತ್ತರವೂ ಇಲ್ಲದ ನಾಟಿ ಹೆಣ್ಣು ನಾಯಿ, ಗೌರಿ. ಆರು ವರ್ಷ ಆಯಿತು. ಅವಳು ಇರುವುದರಿಂದಲೇ ನಾನು ರಾತ್ರಿ ನಿದ್ದೆ ಮಾಡುತ್ತೇನೆ.

ನಿಮ್ಮ ಅಮ್ಮನವರ ಭಯ ಸುಳ್ಳಲ್ಲ. ಅವಳಿಗೆ ಆಪರೇಷನ್ ಮಾಡಿಸುವ ಮುಂಚೆ ಒಂದೇ ಒಂದು ಬೆದೆ ಕಳೆದಿದ್ದು ನನಗೆ ಇನ್ನೂ ನೆನಪಿದೆ. 11 ಗಂಡು ನಾಯಿ ಬೇಲಿ ಸುತ್ತ. ಒಂದು ಐದು ಅಡಿ ಗೋಡೆ ಹತ್ತಿ ಒಳಗೆ ಬಂತು. ರಾತ್ರಿಯಿಡೀ ಊಳಿಡುತ್ತಿದ್ದವು, ಪಕ್ಕದ ಹೊಲದವರು ನನ್ನ ಮೇಲೆ ರೇಗಿದರು. ನಾನು ಮಾಡಿದ್ದು, ಉಗ್ರಾಣದ ಕೋಣೆ ಖಾಲಿ ಮಾಡಿ ಅಲ್ಲಿ ಇಟ್ಟೆ, ಕಿಟಕಿಗೆ ಜಾಲರಿ ಹೊಡೆಸಿದೆ. ಹಳೇ ಚಡ್ಡಿಗೆ ಬಾಲಕ್ಕೆ ತೂತು ಮಾಡಿ ಒಳಗೆ ಹತ್ತಿ ಬಟ್ಟೆ ಇಟ್ಟು ತೊಡಿಸಿದೆ, ನೆಲ ಕೊಳೆ ಆಗಲಿಲ್ಲ. ಆದರೆ ಚಡ್ಡಿ ಹಾಕಿದೆ ಅಂತ ಹೊರಗೆ ಬಿಡಬೇಡಿ, ಅದು ಗಂಡನ್ನು ತಡೆಯಲ್ಲ. ಒಂದಕ್ಕೆ ಕರೆದುಕೊಂಡು ಹೋಗುವಾಗ ಯಾವಾಗಲೂ ಹಗ್ಗದಲ್ಲೇ, ಕೈಯಲ್ಲಿ ಕೋಲು, ಜಾಗಕ್ಕೆ ಆಮೇಲೆ ನೀರು ಸುರಿಯುತ್ತಿದ್ದೆ. ಮೂರು ವಾರ ಕಷ್ಟ. ಜೀವಮಾನದಲ್ಲಿ ಒಂದು ಸಲದ ಕಷ್ಟ. ಎರಡು ತಿಂಗಳ ಮೇಲೆ ಮರಿ ಇಲ್ಲದೆಯೇ ಅವಳಿಗೆ ಹಾಲು ಬಂದುಬಿಟ್ಟಿತು, ಗೋಣಿಚೀಲ ಕೆರೆದು ಗೂಡು ಮಾಡಿಕೊಂಡು ಒಂದು ಹಳೇ ಚಪ್ಪಲಿಯನ್ನು ಮರಿ ಹಾಗೆ ಕಾಯುತ್ತಿದ್ದಳು, ಹತ್ತಿರ ಹೋದರೆ ಗುರ್ ಅನ್ನುತ್ತಿದ್ದಳು. ನಾನು ಹೆದರಿದೆ. ಡಾಕ್ಟರು ಇದು ಹೆಣ್ಣು ನಾಯಿಗಳಲ್ಲಿ ಆಗುತ್ತದೆ, ತಾನಾಗೇ ಹೋಗುತ್ತದೆ, ಹಾಲು ಹಿಂಡಬೇಡಿ ಅಂದರು. ಎರಡು ವಾರಕ್ಕೆ ಸರಿಹೋದಳು. ಆಮೇಲೆ ಆಪರೇಷನ್. ಅಲ್ಲಿಂದ ಇವತ್ತಿನ ತನಕ ಒಂದು ದಿನವೂ ಬೇಲಿ ದಾಟಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮೂರ ಸಂತೆ ಮೈದಾನದಲ್ಲಿ, ಹೆದ್ದಾರಿ ಪಕ್ಕದ ಡಾಬಾ ಹತ್ತಿರ ಜನ ಮರಿ ಬಿಟ್ಟು ಹೋಗುತ್ತಾರಲ್ಲ, ಹೋಗಿ ನೋಡಿ, ಹತ್ತರಲ್ಲಿ ಎಂಟು ಹೆಣ್ಣು. ಗಂಡು ಮರಿಗಳನ್ನು ಯಾರಾದರೂ ಕೇಳಿ ಒಯ್ಯುತ್ತಾರೆ. ಹೆಣ್ಣು ಅಂತ ಗೊತ್ತಾದ ತಕ್ಷಣ ಚೀಲದಲ್ಲಿ ಹಾಕಿ ಊರಾಚೆ. ಆಮೇಲೆ ಅವೇ ಮರಿ ಹಾಕಿ ಬೀದಿ ನಾಯಿ ಜಾಸ್ತಿ ಆಯಿತು ಅಂತ ನಾವೇ ಗೋಳಾಡುತ್ತೇವೆ. ಗೌರಿಯೂ ಹಾಗೇ ಸಿಕ್ಕಿದವಳು. ನಿಮ್ಮ ನೆಂಟರ ಮನೆಯ ಆ ಎರಡು ಮರಿಗಳೂ ಎಲ್ಲಿ ಹೋಗುತ್ತವೋ ಅಂತ ಓದುವಾಗಲೇ ಹೊಟ್ಟೆ ಚುರ್ ಅಂದಿತು.

ನಿವೃತ್ತ_ಹ್ಯಾಂಡ್ಲರ್

ಶ್ವಾನ ದಳದಲ್ಲಿ ನಾಯಿ ನಡೆಸಿ ನಿವೃತ್ತನಾದವನು ನಾನು. ಕೆಲಸದ ವಿಷಯಕ್ಕೆ ಮಾತ್ರ ಹೇಳುತ್ತೇನೆ. ವಾಸನೆ ಹಿಡಿಯುವುದರಲ್ಲಿ ಗಂಡು ಹೆಣ್ಣು ಅಂತ ಭೇದ ನಾನು ಕಂಡಿಲ್ಲ. ದಾವಣಗೆರೆ ಪೊಲೀಸರ ತುಂಗಾ ಹೆಸರು ಕೇಳಿರುತ್ತೀರಿ, ಡಾಬರ್‌ಮನ್, ಹೆಣ್ಣು. 2020ರಲ್ಲಿ ಒಂದು ಕೊಲೆ ಕೇಸಿನಲ್ಲಿ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿತು. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ರಾಣಾ, ಜರ್ಮನ್ ಶೆಫರ್ಡ್, ಗಂಡು. ಕಳ್ಳಬೇಟೆಯವರನ್ನೂ ಹುಲಿಯ ಜಾಡನ್ನೂ ಹುಡುಕಿ ಕೊಟ್ಟ ನಾಯಿ. ಇಬ್ಬರಲ್ಲಿ ಯಾರು ಮೇಲು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ವ್ಯತ್ಯಾಸ ಇರುವುದು ನಡೆಸುವುದರಲ್ಲಿ. ನನ್ನ ಕೈಯಲ್ಲಿದ್ದ ಹೆಣ್ಣು ನಾಯಿಗಳು ಬೇಗ ದೊಡ್ಡವಾದವು, ಬೇಗ ಕಲಿತವು, ಆದರೆ ಒಂದು ಸಲ ಅನ್ಯಾಯವಾಗಿ ಗದರಿದರೆ ಎರಡು ದಿನ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದವು. ಗಂಡುಗಳು ಒಂದು ವರ್ಷದಿಂದ ಎರಡು ವರ್ಷದ ತನಕ ಮಾತು ಕೇಳಲೋ ಬೇಡವೋ ಅಂತ ನಮ್ಮನ್ನೇ ಪರೀಕ್ಷೆ ಮಾಡುತ್ತಿದ್ದವು. ಗದರಿದರೆ ಐದು ನಿಮಿಷಕ್ಕೆ ಮರೆಯುತ್ತಿದ್ದವು. ನಿಮ್ಮ ಮನೆಯಲ್ಲಿ ಹಗಲು ನಾಯಿ ಜೊತೆ ಇರುವವರು ನಿಮ್ಮ ಅಮ್ಮ, ಹೆಂಡತಿ, ಮಗಳು. 25–30 ಕಿಲೋ ತೂಕದ ಗಂಡು ನಾಯಿ ಹಗ್ಗ ಎಳೆದರೆ ಅವರ ಕೈಯಲ್ಲಿ ನಿಲ್ಲುತ್ತದೆಯಾ ಅಂತ ಯೋಚಿಸಿ. ನೀವು ಹಿಡಿದು ನೋಡಿ ತೀರ್ಮಾನ ಮಾಡಿದರೆ ತಪ್ಪಾಗುತ್ತದೆ.

ಮರಿ ಆರಿಸುವಾಗ ಒಂದೊಂದನ್ನೇ ತಾಯಿಯಿಂದ ಬೇರೆ ಜಾಗಕ್ಕೆ ಒಯ್ದು ಬಿಡಿ. ಒಂದು ತಟ್ಟೆ ನೆಲಕ್ಕೆ ಬೀಳಿಸಿ. ಮೊದಲು ಬೆಚ್ಚಿ, ಆಮೇಲೆ ಬಂದು ಮೂಸಿ ನೋಡುವ ಮರಿ ಬೇಕು. ಮೂಲೆ ಸೇರಿ ಹೊರಗೇ ಬಾರದ ಮರಿ ಕಾಯುವ ಕೆಲಸಕ್ಕೆ ಆಗುವುದಿಲ್ಲ, ದೊಡ್ಡದಾದ ಮೇಲೆ ಹೆದರಿ ಕಚ್ಚುವುದು ಅಂತಹವೇ. ಆಮೇಲೆ ನೀವು ನಡೆದುಕೊಂಡು ಹೋಗಿ, ಹಿಂದೆ ಬರುತ್ತದೆಯಾ ನೋಡಿ. ಹಿಂದೆ ಬರುವ ಮರಿ ಗಂಡಾದರೂ ಸರಿ ಹೆಣ್ಣಾದರೂ ಸರಿ, ತನ್ನಿ.

ಕಾಫಿತೋಟ_ಸಕಲೇಶಪುರ

ಡಾಕ್ಟ್ರೇ, ನೀವು ಹೇಳಿದ್ದು ಓದಿ ರಾತ್ರಿ ಕೂತು ಯೋಚಿಸಿದೆ. ನಾನು ಕಳೆದುಕೊಂಡ ಇಬ್ಬರಲ್ಲಿ ಒಬ್ಬ ಹೋಗಿದ್ದೂ ಪಕ್ಕದ ತೋಟದ ಹೆಣ್ಣು ನಾಯಿ ಬೆದೆಗೆ ಬಂದ ವಾರದಲ್ಲೇ. ಅದನ್ನು ಚಿರತೆ ಲೆಕ್ಕಕ್ಕೆ ಮಾತ್ರ ಹಾಕಿದ್ದೆ. ಈಗಿರುವ ಗಂಡಿಗೆ ನಾಲ್ಕು ವರ್ಷ. ಈ ವಯಸ್ಸಿನಲ್ಲಿ ಮಾಡಿಸಿದರೆ ಉಪಯೋಗ ಇದೆಯಾ?

ಪಶುವೈದ್ಯ_ಮಲೆನಾಡು

ಇದೆ ಸರ್. ಅಭ್ಯಾಸ ಬೇರೂರಿದ್ದರೆ ಪೂರ್ತಿ ಹೋಗದೇ ಇರಬಹುದು, ಆದರೆ ಅಲೆಯುವುದು ಬಹಳಷ್ಟು ನಾಯಿಗಳಲ್ಲಿ ಕಡಿಮೆಯಾಗುತ್ತದೆ. ವಯಸ್ಸಾದ ಗಂಡುಗಳಿಗೆ ಪ್ರಾಸ್ಟೇಟ್ ಗ್ರಂಥಿ ಊದಿ ತಿಣುಕುವ ತೊಂದರೆಯೂ ತಪ್ಪುತ್ತದೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಉಣ್ಣಿ ಜ್ವರ ಇದ್ದರೆ ಅದು ವಾಸಿಯಾದ ಮೇಲೆ ಆಪರೇಷನ್.

ತೆಂಗಿನತೋಟ_ಅರಸೀಕೆರೆ

ಎಲ್ಲರಿಗೂ ಕೈ ಮುಗಿದು ಧನ್ಯವಾದ. ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಹಿರಿಯೂರಿನ ಅಕ್ಕ ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಪರೇಷನ್ ಮಾಡಿಸುತ್ತೀಯಾ ಅಂತ ಕೇಳಿದರು. ಮಾಡಿಸುತ್ತೇನೆ ಅಂದೆ. ಹಾಗಾದರೆ ತಾ ಅಂದರು.

ಮಗಳಿಗೆ ಕರಿಯನ ವಿಷಯವನ್ನೂ ನಿನ್ನೆ ಹೇಳಿದೆವು. ಅತ್ತಳು. ಅವಳಿಗೆ ಮೊದಲೇ ಅನುಮಾನ ಇತ್ತಂತೆ.

ಭಾನುವಾರ ಮೂವರೂ ಹೋಗಿ ತಟ್ಟೆ ಬೀಳಿಸಿ ನೋಡಿದೆವು. ಗಂಡು ಮರಿ ಹೆದರಲೇ ಇಲ್ಲ, ಆದರೆ ನಮ್ಮ ಹಿಂದೆಯೂ ಬರಲಿಲ್ಲ, ತನ್ನ ಪಾಡಿಗೆ ಹಿತ್ತಲು ಸೇರಿತು. ಒಂದು ಹೆಣ್ಣು ಮರಿ ಮೂಲೆಯಿಂದ ಏಳಲಿಲ್ಲ. ಇನ್ನೊಂದು, ಕಂದು ಪಟ್ಟೆ ಇರುವುದು, ಬೆಚ್ಚಿ ಎರಡು ಹೆಜ್ಜೆ ಹಿಂದೆ ಹೋಗಿ ಆಮೇಲೆ ಬಂದು ತಟ್ಟೆ ನೆಕ್ಕಿತು, ಮಗಳ ಹಿಂದೆ ಗೇಟಿನ ತನಕ ಬಂತು. ಅದನ್ನೇ ಹೇಳಿ ಬಂದಿದ್ದೇವೆ. 56 ದಿನ ತುಂಬಿದ ಮೇಲೆ ಕರೆದುಕೊಂಡು ಬರುತ್ತೇವೆ. ಉಳಿದ ಹೆಣ್ಣು ಮರಿಯನ್ನು ಎಲ್ಲೂ ಬಿಡಬೇಡಿ, ಅದರ ಆಪರೇಷನ್ ಖರ್ಚು ನಾನು ಕೊಡುತ್ತೇನೆ ಅಂತ ನೆಂಟರಿಗೆ ಹೇಳಿದೆ, ಒಪ್ಪಿದ್ದಾರೆ. ಗೂಡಿಗೆ ವೆಲ್ಡಿಂಗ್‌ನವನಿಗೆ ಅಡ್ವಾನ್ಸ್ ಕೊಟ್ಟಿದ್ದೇನೆ, ಮೇಲೂ ಸರಳು ಇರುತ್ತದೆ.

ಬಾದಾಮಿ ಸರ್, ಒಂದು ಕೇಳಬೇಕು. ಮರಿಯನ್ನು ಕುರಿ ಪಕ್ಕ ಮಲಗಿಸಿ ಅಂದಿರಿ. ಇಷ್ಟು ಚಿಕ್ಕ ಮರಿಯನ್ನು ದೊಡ್ಡಿಯೊಳಗೇ ಬಿಟ್ಟರೆ ಟಗರು ಗುದ್ದುವುದಿಲ್ಲವಾ?

ಕುರಿಹಟ್ಟಿ_ಬಾದಾಮಿ

ಗುದ್ದುತ್ತದೆ, ಒಳಗೆ ಹಾಗೇ ಬಿಡಬೇಡಿ. ದೊಡ್ಡಿಯ ಒಂದು ಮೂಲೆಯಲ್ಲಿ ಜಾಲರಿ ಕಟ್ಟಿ ಮರಿಗೆ ಬೇರೆ ಜಾಗ ಮಾಡಿ, ವಾಸನೆ ಬರಲಿ, ಮೈ ತಾಗುವುದು ಬೇಡ. ಚಿರತೆ ಇರುವುದರಿಂದ ರಾತ್ರಿ ಮಾತ್ರ ಮನೆಯೊಳಗೆ. ಹಗಲು ಮೊದಲು ಕುರಿಮರಿಗಳ ಜೊತೆ, ನೀವು ಪಕ್ಕದಲ್ಲಿ ಕೂತು, ಹದಿನೈದು ಹದಿನೈದು ನಿಮಿಷ ಬಿಡಿ. ಮರಿ ಆಟಕ್ಕೆ ಕಾಲು ಕಚ್ಚಲು ಹೋದರೆ ಎತ್ತಿಕೊಂಡು ಹೊರಗೆ ತನ್ನಿ, ಹೊಡೆಯಬೇಡಿ. ನಾಲ್ಕು ತಿಂಗಳಾಗುವ ತನಕ ಟಗರು ಕಟ್ಟಿ ಹಾಕಿ. 3 ತಿಂಗಳಿಗೆ ರೇಬೀಸ್ ಲಸಿಕೆ ಮರೆಯಬೇಡಿ. ಮಗಳು ಏನು ಹೆಸರಿಟ್ಟಳು ಅಂತ ಬರೆಯಿರಿ.

ತೆಂಗಿನತೋಟ_ಅರಸೀಕೆರೆ

ಪಟ್ಟಿ. ಮೈ ಮೇಲೆ ಪಟ್ಟೆ ಇದೆಯಲ್ಲ, ಅದಕ್ಕೆ.